ಹೋದದ್ದನ್ನು ತರುವ ಮುಂಚೆ ಇದ್ದದ್ದನ್ನು ಕಾಯುವದು

(ಊರ ಸಭೆಗಳಲ್ಲಿಯೂ ರಾತ್ರಿ ಪಾಠಶಾಲೆಗಳಲ್ಲಿಯೂ ಓದಿ ವಿಚಾರಿಸುವದಕ್ಕಾಗಿ ಒಂದು ಪಾಠ)



ತೊಂಡೇಬಾವಿಯ ಸುತ್ತಲಿರುವ ನಮ್ಮ ಜನರಲ್ಲಿ ಅನೇಕರು ಗೌರಿಬಿದನೂರಿನ ಆಚೆಗೆ ಮಧುಗಿರಿ ಸೀಮೆಯ ವರೆಗೆ ಕೂಲಿಗೂ ಸಂತೆಗೂ ಹೋಗಿಬರುವವರಾದ್ದರಿಂದ ಮೈದನಹಳ್ಳಿ ಎಂಬ ಗ್ರಾಮದ ಹೆಸರನ್ನು ಕೇಳಿರಬಹುದು. ಆ ಗ್ರಾಮದ ಬಳಿಯ ಹುಲ್ಲುಬಯಲಿನಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಮೇಯುತ್ತವೆ. ನಮ್ಮ ಕಡೆಯವರು ಇವನ್ನು ಜಿಂಕೆ ಎಂದೇ ಕರೆಯುವರು. ಹೆಣ್ಣು ಕಂದುಬಣ್ಣದ್ದು. ಗಂಡಾದರೋ ವಯಸ್ಸಾದ ಹಾಗೆಲ್ಲಾ ಬೆನ್ನು ಕಪ್ಪಾಗಿ, ಹೊಟ್ಟೆ ಬೆಳ್ಳಗೆ ಉಳಿದು, ಹುರಿಹಾಕಿದ ಹಗ್ಗದಂತೆ ತಿರುಚಿದ ಎರಡು ಕೊಂಬುಗಳನ್ನು ಹೊತ್ತು ನಿಲ್ಲುವದು. 2007ನೆಯ ಇಸವಿಯಲ್ಲಿ ಸರಕಾರದವರು ಅಲ್ಲಿನ 798 ಎಕರೆ ಭೂಮಿಯನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲೆಂದು ಪ್ರಕಟಿಸಿದರು.

ಪೂರ್ವದಲ್ಲಿ ಇಂಥ ಬಯಲುಗಳಲ್ಲಿ ಈ ಜಿಂಕೆಯೊಂದೇ ಇರಲಿಲ್ಲ. ಅದರ ಸಂಗಡ ಬೇರೆ ಜೀವಿಗಳೂ ಇದ್ದು ಈಗ ಇಲ್ಲದೆ ಹೋಗಿವೆ. ಹಾಗೆ ಹೋದವುಗಳನ್ನು ಹೊರಗಿನಿಂದ ತಂದು ಪುನಃ ಬಿಡುವ ಪ್ರಯತ್ನಗಳು ಲೋಕದಲ್ಲಿ ಅಲ್ಲಲ್ಲಿ ನಡೆಯುತ್ತಾ ಇವೆ. ಇದನ್ನು ಕೇಳಿ, ನಮ್ಮ ಸೀಮೆಗೂ ಹಾಗೆ ತಂದರೆ ಏನು ಎಂದು ಯೌವನಸ್ಥರಲ್ಲಿ ಕೆಲವರು ವಿಚಾರಿಸುತ್ತಾರೆ. ಅದು ಒಳ್ಳೇ ವಿಚಾರಣೆಯೇ ಸರಿ. ಆದರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ನಿಂತಿರುವದು. ಊರಿನಲ್ಲಿ ಇನ್ನೂ ಉರುಳೊಡ್ಡುವವರೂ ನಾಯಿಗಳನ್ನು ಕಟ್ಟಿಕೊಂಡು ಬೇಟೆಗೆ ಹೋಗುವವರೂ ಇರುವಾಗ, ತಂದುಬಿಟ್ಟ ಪ್ರಾಣಿಯು ಎಷ್ಟು ದಿವಸ ಬದುಕೀತು? ಈ ಪಾಠದಲ್ಲಿ ನಾವು ವಿಚಾರಿಸತಕ್ಕದ್ದು ಇದನ್ನೇ.

೧. ಹೋದವು ಯಾವವು? ಯಾಕೆ ಹೋದವು?

ಮೊದಲನೆಯದು ಚೀತಾ ಎಂಬ ಮೃಗ. ಇದು ನಮ್ಮ ಬೆಟ್ಟಗಳಲ್ಲಿರುವ ಚಿರತೆಯಲ್ಲ. ಇದರ ಮೈ ಸಣಕಲು, ಕಾಲು ಉದ್ದ. ಬಯಲಿನಲ್ಲಿ ಜಿಂಕೆಯನ್ನು ಓಡಿಸಿ ಹಿಡಿಯುವದೇ ಇದರ ವೃತ್ತಿ. ಅರಸರು ಇದನ್ನು ಹಿಡಿಸಿ ಪಳಗಿಸಿ, ಕಣ್ಣುಕಟ್ಟಿ ಬಂಡಿಯಲ್ಲಿ ಕೂಡಿಸಿಕೊಂಡು ಹೋಗಿ, ಜಿಂಕೆಯ ಹಿಂಡು ಕಂಡಾಗ ಬಿಡುತ್ತಿದ್ದರು. ಹಿಡಿದಿಟ್ಟ ಚೀತಾಗಳು ಮರಿಹಾಕುವದು ಬಹಳ ಅಪರೂಪವಾದದರಿಂದ ಅರಸರು ಕಾಡಿನಿಂದಲೇ ಮತ್ತೆ ಮತ್ತೆ ಹಿಡಿಸುತ್ತಾ ಬಂದರು. ಬಂದೂಕಿನ ಬೇಟೆಯೂ ಇದರ ಸಂಗಡ ಸೇರಿತು. 1947ರಲ್ಲಿ ಮಧ್ಯದೇಶದ ಕೊರಿಯಾ ಸಂಸ್ಥಾನದ ಮಹಾರಾಜರು ಮೂರು ಚೀತಾಗಳನ್ನು ಹೊಡೆದರು. 1952ರಲ್ಲಿ ಈ ಮೃಗವು ಭಾರತದಲ್ಲಿ ನಿರ್ಮೂಲವಾಯಿತೆಂದು ಪ್ರಕಟವಾಯಿತು.

ಎರಡನೆಯದು ಎರ್ಲಡ್ಡು ಎಂಬ ದೊಡ್ಡ ಹಕ್ಕಿ. ನೆಲದ ಮೇಲೆಯೇ ನಡೆದಾಡುವ ಈ ಹಕ್ಕಿಯು ಒಂದು ಮೀಟರಿನಷ್ಟು ಎತ್ತರವಾಗಿ ನಿಲ್ಲುವದು. ಗಂಡಿನ ತೂಕ ಹದಿನೈದು ಕಿಲೋಗ್ರಾಮಿನ ತನಕ ಏರುವದುಂಟು. ಹಾರುವ ಪಕ್ಷಿಗಳಲ್ಲಿ ಇಷ್ಟು ಭಾರವಾದವುಗಳು ಲೋಕದಲ್ಲಿಯೇ ಕೆಲವು ಮಾತ್ರ. ಇದು ಗೂಡು ಕಟ್ಟುವದಿಲ್ಲ. ಬರೀ ನೆಲದ ಮೇಲೆ, ಸಾಧಾರಣವಾಗಿ ವರುಷಕ್ಕೆ ಒಂದೇ ಮೊಟ್ಟೆಯನ್ನಿಡುವದು. ಆ ಒಂದು ಮೊಟ್ಟೆಯನ್ನು ನಾಯಿಯು ತಿಂದರೆ, ಇಲ್ಲವೆ ದನವು ತುಳಿದರೆ, ಆ ವರುಷದ ಸಂತತಿಯು ತೀರಿಹೋಯಿತು. ಆದಕಾರಣ ದೊಡ್ಡ ಹಕ್ಕಿಯೊಂದನ್ನು ಕೊಂದರೆ ಆಗುವ ನಷ್ಟವು ಕೌಜುಗವನ್ನು ಕೊಂದ ಹಾಗಲ್ಲ. ಹಲವು ವರುಷಗಳಲ್ಲಿಯೂ ಅದು ತುಂಬಲಾರದು.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು. ಬಯಲನ್ನು ಬರಿದುಮಾಡಿದವರು ಬಡವರೇ ಎಂದು ಹೇಳುವದು ಸುಳ್ಳು. 1809ರಿಂದ 1829ರ ವರೆಗೆ ಅಹಮದನಗರ ಸೀಮೆಯಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ದೊರೆಯು 961 ಎರ್ಲಡ್ಡುಗಳನ್ನು ಹೊಡೆದನೆಂಬ ಲೆಕ್ಕ ಉಳಿದಿದೆ. ಉರುಳೊಡ್ಡಿ ಒಂದು ಮೊಲವನ್ನು ಹಿಡಿಯುವ ಕೂಲಿಯವನು ತನ್ನ ಜೀವಮಾನದಲ್ಲೆಲ್ಲಾ ಇಷ್ಟನ್ನು ಕೆಡಿಸಲಾರನು. ಬೇಟೆಯೊಂದೇ ಕಾರಣವೂ ಅಲ್ಲ. ಹುಲ್ಲುಬಯಲನ್ನು ಬೀಳುಭೂಮಿ ಎಂದೆಣಿಸಿ ಉತ್ತರು. ಉಳಿದದ್ದರಲ್ಲಿ ನೀಲಗಿರಿ ಮರಗಳನ್ನು ನೆಟ್ಟರು. ಈಗ ವಿದ್ಯುತ್ತಂತಿಗಳೂ ಅಡ್ಡಬಂದಿವೆ. ಈ ಹಕ್ಕಿಗೆ ಎದುರಿನ ವಸ್ತು ಚೆನ್ನಾಗಿ ಕಾಣುವದಿಲ್ಲವಾಗಿ ತಂತಿಗೆ ತಗಲಿ ಸಾಯುತ್ತದೆ. ಧಾರವಾಡ ಸೀಮೆಗೆ ಹತ್ತಿರವಾದ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕಾಗಿ ವನ್ಯಜೀವಿಧಾಮವು ಏರ್ಪಟ್ಟಿತು; ಎರ್ಲಡ್ಡು ಸಹ ಅಲ್ಲಿತ್ತು. ಆ ಭೂಮಿಯಲ್ಲಿ ನೀಲಗಿರಿಯ ತೋಪುಗಳು ಬೆಳೆದವು. ಜಿಂಕೆಯು ಹೇಗೋ ಹೊಂದಿಕೊಂಡು ಉಳಿಯಿತು, ಹಕ್ಕಿಯು ಹೊರಟುಹೋಯಿತು. ಕರ್ನಾಟಕದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಭಾರತದಲ್ಲೆಲ್ಲಾ ಕೂಡಿಸಿದರೂ ಕಾಡಿನಲ್ಲಿರುವವು ಸುಮಾರು ನೂರೈವತ್ತನ್ನು ಮೀರುವದಿಲ್ಲ.

೨. ಮರಳಿ ತರುವದು ಹೇಗೆ?

ಚೀತಾದ ವಿಷಯವನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2022ನೆಯ ಸೆಪ್ಟೆಂಬರ್ 17ರಲ್ಲಿ ಆಫ್ರಿಕಾ ಖಂಡದ ನಮೀಬಿಯಾದಿಂದ ಎಂಟು, 2023ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋ ಎಂಬ ಅರಣ್ಯದಲ್ಲಿ ಇಟ್ಟರು. ಆ ಅರಣ್ಯದಿಂದ 24 ಗ್ರಾಮಗಳನ್ನು ಇದಕ್ಕಿಂತ ಬಹಳ ಮುಂಚೆಯೇ, ಗುಜರಾತಿನ ಸಿಂಹಗಳನ್ನು ತರುವ ಉದ್ದೇಶದಿಂದ, ಎಬ್ಬಿಸಲಾಗಿತ್ತು. ಸಿಂಹಗಳು ಬರಲಿಲ್ಲ, ಜನರು ಮಾತ್ರ ಹೋದರು.

ಎರ್ಲಡ್ಡುವಿನ ಕಾರ್ಯವು ಬೇರೆ ವಿಧದ್ದು. 2019ರಿಂದ ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ, ಬಯಲಿನಲ್ಲಿ ದೊರೆತ ಮೊಟ್ಟೆಗಳನ್ನು ಜೋಪಾನವಾಗಿ ತಂದು ಯಂತ್ರದ ಶಾಖದಲ್ಲಿ ಮರಿಮಾಡಿಸಿ ಸಾಕುತ್ತಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಒಂದು ಮರಿ ಹುಟ್ಟಿತು. ಸಾಕಿದ ಹಕ್ಕಿಗಳ ಸಂಖ್ಯೆಯು 2025ರ ಹೊತ್ತಿಗೆ ಅರುವತ್ತನ್ನು ದಾಟಿತು. ಇವುಗಳ ಸಂತಾನವನ್ನು ಮುಂದೆ ಬಯಲಿಗೆ ಬಿಡಬೇಕೆಂಬದೇ ಆ ಕೆಲಸದವರ ನಿರೀಕ್ಷೆ.

ಈ ಪರಿಯಾಗಿ ಮೊಟ್ಟೆಯನ್ನು ಮರಿಮಾಡುವ ವಿದ್ಯೆಯನ್ನೂ ಮೃಗವನ್ನು ಸಮುದ್ರ ದಾಟಿಸಿ ತರುವ ಉಪಾಯವನ್ನೂ ಮನುಷ್ಯರು ಕಲಿತುಕೊಂಡಿದ್ದಾರೆ. ಆದರೆ ಬೇಲಿಯ ಬಾಗಲನ್ನು ತೆರೆದ ಮೇಲೆ ಪ್ರಾಣಿಯು ನಡೆದುಹೋಗುವದು ಯಾರ ಹೊಲಕ್ಕೆ? ಅಲ್ಲಿರುವ ಮನುಷ್ಯನ ಮನಸ್ಸು ಎಂಥದ್ದು? ಇದನ್ನು ಯಂತ್ರವು ಹೇಳಲಾರದು. ಆದದರಿಂದ ಕೆಲವು ದೃಷ್ಟಾಂತಗಳನ್ನು ನೋಡೋಣ.

೩. ಮೊದಲನೆಯ ದೃಷ್ಟಾಂತ: ಅರೇಬಿಯಾದ ಬಿಳೀ ಎರಳೆ

ಅರೇಬಿಯಾದ ಮರುಭೂಮಿಯಲ್ಲಿ ಓರಿಕ್ಸ್ ಎಂಬ ಒಂದು ಬಿಳೀ ಎರಳೆಯುಂಟು. ಅದರ ಕೊಂಬುಗಳು ನೆಟ್ಟಗೆ ಉದ್ದವಾಗಿ ಈಟಿಯಂತಿರುವವು. ಮೋಟಾರುಗಾಡಿಯೂ ಒಳ್ಳೇ ಬಂದೂಕೂ ಬಂದ ಮೇಲೆ ಬೇಟೆಗಾರರು ಅದನ್ನು ಅಟ್ಟಿ ಅಟ್ಟಿ ಕೊಂದರು. 1972ರಲ್ಲಿ ಒಮಾನ್ ದೇಶದಲ್ಲಿ ಕಟ್ಟಕಡೆಯ ಕಾಡು ಓರಿಕ್ಸುಗಳು ಸತ್ತುಹೋದವು. ಆದರೆ ಇದನ್ನು ಮುಂಗಂಡ ಕೆಲವರು 1962ರಲ್ಲಿಯೇ ಕೆಲವನ್ನು ಜೀವಂತವಾಗಿ ಹಿಡಿದು, ಅಮೇರಿಕಾದ ಫೀನಿಕ್ಸ್ ಪಟ್ಟಣದ ಮೃಗಶಾಲೆಯಲ್ಲಿ ಬೇರೆ ಕೆಲವುಗಳ ಸಂಗಡ ಸೇರಿಸಿ ಸಾಕಿದ್ದರು. ಅವುಗಳ ಸಂತತಿಯನ್ನು ಒಮಾನಿನ ಸುಲ್ತಾನರು ತರಿಸಿದರು. 1982ರ ಜನವರಿಯಲ್ಲಿ ಹತ್ತು ಓರಿಕ್ಸುಗಳ ಒಂದು ಹಿಂಡು ಪುನಃ ಮರುಭೂಮಿಯಲ್ಲಿ ಕಾಲಿಟ್ಟಿತು. ಆ ಸೀಮೆಯ ಹರಾಸೀಸ್ ಎಂಬ ಕುಲದವರನ್ನೇ ಕಾವಲುಗಾರರನ್ನಾಗಿ ನೇಮಿಸಿದರು. ಹಿಂಡು ಹೆಚ್ಚಿ 1996ರ ಹೊತ್ತಿಗೆ ನಾನೂರರಷ್ಟಾಯಿತು.

ಆ ವರುಷವೇ ಕಳ್ಳಬೇಟೆ ಪ್ರಾರಂಭವಾಯಿತು. ಈ ಸಾರಿ ಮಾಂಸಕ್ಕಾಗಿ ಅಲ್ಲ. ಹೊರದೇಶದ ಧನವಂತರು ತಮ್ಮ ತೋಟಗಳಲ್ಲಿ ಶೋಭೆಗಾಗಿ ಇಟ್ಟುಕೊಳ್ಳಲು ಜೀವಂತ ಎರಳೆಗಳಿಗೆ ಹಣ ಕೊಡುತ್ತಿದ್ದರು. ಕೊಳ್ಳುವವನಿದ್ದ ಕಾರಣ ಹಿಡಿಯುವವನು ಹುಟ್ಟಿದನು. ಮೂರು ವರುಷಗಳೊಳಗೆ ಹಿಂಡು ನೂರಕ್ಕಿಂತ ಕೆಳಗಿಳಿಯಿತು. ಹೆಣ್ಣುಗಳು ಬಹಳ ಕಡಿಮೆಯಾದವು. ಉಳಿದವುಗಳಲ್ಲಿ ಸುಮಾರು ನಾಲ್ವತ್ತನ್ನು ಹಿಡಿದು ತಿರುಗಿ ಬೇಲಿಯೊಳಗೆ ಹಾಕಬೇಕಾಯಿತು. 1994ರಲ್ಲಿ ಲೋಕದ ಪರಂಪರೆಯ ಸ್ಥಳಗಳ ಪಟ್ಟಿಯಲ್ಲಿ ಸೇರಿದ್ದ ಆ ಧಾಮವನ್ನು 2007ರಲ್ಲಿ ಪಟ್ಟಿಯಿಂದ ತೆಗೆದುಹಾಕಿದರು. ಹೀಗೆ ತೆಗೆಯಲ್ಪಟ್ಟ ಸ್ಥಳಗಳಲ್ಲಿ ಅದೇ ಮೊದಲನೆಯದು.

ಇದರಿಂದ ಕಲಿಯತಕ್ಕದ್ದೇನು? ಹದಿನಾಲ್ಕು ವರುಷಗಳ ಜಯವನ್ನು ಮೂರು ವರುಷಗಳ ಕಳ್ಳತನವು ನುಂಗಿತು. ಊರವರಿಗೆ ಸಂಬಳವಿದ್ದರೂ, ಸಂಬಳಕ್ಕಿಂತ ಹೆಚ್ಚು ಕೊಡುವ ಕೊಳ್ಳುವವನನ್ನು ತಡೆಯದೆ ಇದ್ದರೆ ಕಾವಲು ನಿಲ್ಲಲಾರದು. ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. ನೆರೆಯ ದೇಶಗಳಲ್ಲಿ ಬಿಟ್ಟ ಹಿಂಡುಗಳು ಉಳಿದದರಿಂದ ಈ ಎರಳೆಯು ಇಂದು ಲೋಕದಲ್ಲಿ ಇದೆ.

ನಮ್ಮ ಮೈದನಹಳ್ಳಿಯ ಜಿಂಕೆಯ ಜಾತಿಗೂ ಇಂಥದೇ ಗತಿ ಒಂದು ಕಡೆಯಲ್ಲಿ ಸಂಭವಿಸಿತು. ಪಾಕಿಸ್ತಾನದಲ್ಲಿ ಅದು ಬೇಟೆಯಿಂದ ಇಲ್ಲದೆ ಹೋಯಿತು. ಅಮೇರಿಕಾದ ಟೆಕ್ಸಸ್ ಸೀಮೆಯ ಜಮೀನುದಾರರು ಪೂರ್ವದಲ್ಲಿ ಕೃಷ್ಣಮೃಗಗಳನ್ನು ತರಿಸಿ ಬೆಳೆಸಿದ್ದರು. ಅಲ್ಲಿಂದ 1970ರಲ್ಲಿ ಹತ್ತನ್ನು ಪಾಕಿಸ್ತಾನಕ್ಕೆ ಕಳುಹಿಸಿದರು. ಅವು ಬಹಾವಲಪುರದ ಬಳಿ ಬೇಲಿಯೊಳಗೆ ನೂರಾರಾಗಿ ಹೆಚ್ಚಿದವು. ಆದರೆ ಬೇಲಿಯ ಹೊರಗೆ ಬೇಟೆಯ ಭಯವಿದ್ದದರಿಂದ ಬಯಲಿಗೆ ಬಿಡುವದು ಕಠಿಣವಾಯಿತು. ನಾವು ದಾರಿಯಲ್ಲಿ ಹೋಗುತ್ತಾ ಬಿಟ್ಟಿಯಾಗಿ ನೋಡುವ ಮೃಗವನ್ನು ಬೇರೊಬ್ಬರು ಸಮುದ್ರದಾಚೆಯಿಂದ ತರಿಸಿಕೊಂಡು ಬೇಲಿಯೊಳಗಿಟ್ಟು ನೋಡಬೇಕಾಯಿತು.

೪. ಎರಡನೆಯ ದೃಷ್ಟಾಂತ: ಕರೇರಾದ ರೈತರು

ಮಧ್ಯಪ್ರದೇಶದ ಕರೇರಾ ಎಂಬಲ್ಲಿ ಎರ್ಲಡ್ಡುವಿನ ಸಲುವಾಗಿ 1981ರಲ್ಲಿ ಒಂದು ಧಾಮವನ್ನು ಸ್ಥಾಪಿಸಿದರು. ಮೊದಲಲ್ಲಿ ಎಲ್ಲವೂ ಚೆನ್ನಾಗಿತ್ತು. ಊರವರು ಹಕ್ಕಿಯನ್ನು ಕಾಪಾಡಿದರು, ಹಕ್ಕಿಗಳು ಹೆಚ್ಚಿದವು. ಆದರೆ ಧಾಮದೊಳಗೆ ರೈತರ ಸ್ವಂತ ಭೂಮಿಯೂ ಸೇರಿಹೋಗಿತ್ತು. ಅದನ್ನು ಮಾರುವದಕ್ಕೆ ಅವರಿಗೆ ಅಡ್ಡಿಗಳು ಬಂದವು. ಇದಲ್ಲದೆ ಕಾವಲಿನ ದೆಸೆಯಿಂದ ಕೃಷ್ಣಮೃಗಗಳು ಬಹಳವಾಗಿ ಹೆಚ್ಚಿ ಪೈರನ್ನು ಮೇಯತೊಡಗಿದವು. ಹಕ್ಕಿಯನ್ನು ನೋಡಿ ಸಂತೋಷಪಟ್ಟ ಜನರೇ, ಈ ಹಕ್ಕಿಯ ದೆಸೆಯಿಂದಲೇ ನಮಗೆ ಈ ಕಷ್ಟ ಬಂತು ಎಂದು ಸಿಟ್ಟಾದರು. 1994ರ ತರುವಾಯ ಅಲ್ಲಿ ಎರ್ಲಡ್ಡು ಕಾಣಲಿಲ್ಲ.

ಹೊಟ್ಟೆಗೆ ಬೇಕಾದದ್ದನ್ನು ಕಳೆದುಕೊಂಡವನಿಗೆ ಉಪದೇಶವು ರುಚಿಸುವದಿಲ್ಲ. ಒಂದು ರಾತ್ರಿಯಲ್ಲಿ ಜಿಂಕೆಯ ಹಿಂಡು ಕಡಲೆಕಾಯಿಯ ಹೊಲವನ್ನೋ ರಾಗಿಯ ಎಳೇ ಪೈರನ್ನೋ ಮೇಯ್ದು ಹೋದರೆ, ಸಾಲ ತಂದು ಬಿತ್ತಿದವನು ಬೆಳಿಗ್ಗೆ ಏನು ಮಾಡುವನು? ಅವನು ಬೇಟೆಗಾರನಲ್ಲದಿದ್ದರೂ, ಬೇಟೆಗಾರನು ಬಂದಾಗ ದಾರಿ ತೋರಿಸುವವನಾದಾನು. ಆದಕಾರಣ ಪ್ರಾಣಿಯನ್ನು ಕಾಯಬೇಕೆನ್ನುವವರು ಬೆಳೆಯ ನಷ್ಟವನ್ನು ಮೊದಲು ಲೆಕ್ಕಕ್ಕೆ ತರಬೇಕು. ಕಾಡುಮೃಗಗಳಿಂದಾಗುವ ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯವರು ಪರಿಹಾರಧನ ಕೊಡುವ ಕ್ರಮವುಂಟು. ಆದರೆ ಅರ್ಜಿ ಬರೆಯುವದಕ್ಕೆ ತಿಳಿಯದವನು ಹಾಗೆಯೇ ನಷ್ಟವನ್ನು ಹೊರುತ್ತಾನೆ. ಓದುಬರಹ ಬಲ್ಲ ನಮ್ಮ ಯೌವನಸ್ಥರು ನೆರೆಯವನಿಗಾಗಿ ಒಂದು ಅರ್ಜಿಯನ್ನು ಬರೆದುಕೊಟ್ಟರೆ ಅದು ಜಿಂಕೆಗೂ ಉಪಕಾರ, ನೆರೆಯವನಿಗೂ ಉಪಕಾರ.

೫. ಮೂರನೆಯ ದೃಷ್ಟಾಂತ: ಕಾವೇರಿಯ ಮೀನು

ಈಗ ನಮ್ಮ ರಾಜ್ಯಕ್ಕೇ ಬರೋಣ. ಕಾವೇರಿ ನದಿಯಲ್ಲಿ ಮಹಶೀರ್ ಎಂಬ ದೊಡ್ಡ ಮೀನುಂಟು. ಅದರಲ್ಲಿ ಬೆನ್ನು ಗೂನಾಗಿ ರೆಕ್ಕೆಗಳು ಕಿತ್ತಳೆಬಣ್ಣವಾಗಿರುವ ಜಾತಿಯು ಕಾವೇರಿಗೂ ಅದರ ಉಪನದಿಗಳಿಗೂ ಮಾತ್ರ ಸೇರಿದ್ದು. 1946ರಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡು ತೂಗಿತು. ತರುವಾಯ ಅಣೆಕಟ್ಟುಗಳಿಂದಲೂ, ನೀರಿನಲ್ಲಿ ಸಿಡಿಮದ್ದನ್ನು ಸಿಡಿಸಿ ಮೀನು ಹಿಡಿಯುವ ದುಷ್ಟ ಪದ್ಧತಿಯಿಂದಲೂ ಅದು ಕ್ಷೀಣವಾಯಿತು. ಸಿಡಿಮದ್ದು ಹಾಕಿದ ಮಡುವಿನಲ್ಲಿ ದೊಡ್ಡದೂ ಚಿಕ್ಕದೂ ಒಟ್ಟಿಗೆ ಸಾಯುವವು. ಮುಂದಿನ ವರುಷಕ್ಕೆ ಬಿತ್ತವೇ ಇರುವದಿಲ್ಲ.

1972ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತದ ವನ್ಯಜೀವಿ ಸಂಘದವರೂ, ಅನಂತರ ಭೀಮೇಶ್ವರಿ ಗಾಲಿಬೋರೆ ಮುಂತಾದ ಸ್ಥಳಗಳಲ್ಲಿ ಬಿಡಾರಗಳನ್ನು ನಡಿಸಿದವರೂ ಒಂದು ಉಪಾಯ ಮಾಡಿದರು. ಗಾಳದಿಂದ ಮೀನು ಹಿಡಿದು, ತೂಗಿ, ಜೀವಂತವಾಗಿ ನೀರಿಗೆ ಬಿಡುವ ಆಟಕ್ಕೆ ಬರುವ ಪರಸ್ಥಳದವರಿಂದ ಹಣ ಪಡೆದು, ಆ ಹಣದಿಂದ ಹೊಳೆಯ ಕಾವಲನ್ನು ನಡಿಸಿದರು. ಕಾವಲುಗಾರರನ್ನೂ ದಾರಿ ತೋರಿಸುವವರನ್ನೂ ಎಲ್ಲಿಂದ ತಂದರು? ಪೂರ್ವದಲ್ಲಿ ಕಳ್ಳತನವಾಗಿ ಮೀನು ಹಿಡಿಯುತ್ತಿದ್ದ ಹಳ್ಳಿಯವರಲ್ಲಿಯೇ ಕೆಲವರನ್ನು ಆರಿಸಿಕೊಂಡರು. ಯಾವ ಮಡುವಿನಲ್ಲಿ ಮೀನು ಮಲಗುವದು, ಯಾವ ಹೊತ್ತಿನಲ್ಲಿ ಕಳ್ಳನು ಬರುವನು ಎಂಬದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಹೊಳೆಯ ಆ ಭಾಗವು ವನ್ಯಜೀವಿಧಾಮದೊಳಗಿದ್ದ ಕಾರಣ 2010ರ ತರುವಾಯದ ವರುಷಗಳಲ್ಲಿ ಗಾಳದ ಆಟವು ನಿಂತುಹೋಯಿತು.

ಇದೇ ಹೊಳೆಯಲ್ಲಿ ಇನ್ನೊಂದು ಪಾಠವೂ ಇದೆ. ಮೀನು ಕಡಿಮೆಯಾಯಿತಲ್ಲಾ ಎಂದು 1970ರ ದಶಕದಿಂದ ಮರಿಗಳನ್ನು ತಂದು ಬಿಟ್ಟರು. ಆದರೆ ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಿಂದ ಬಂದ ಆ ಮರಿಗಳು ನೀಲಿ ರೆಕ್ಕೆಯ ಬೇರೆ ಜಾತಿಯವು. ಅವು ಹೊಳೆಯಲ್ಲಿ ಹೆಚ್ಚಿದವು. ಕಾವೇರಿಯ ಸ್ವಂತ ಮೀನು ಮತ್ತಷ್ಟು ಕುಗ್ಗಿತು. ಆ ಸ್ವಂತ ಮೀನಿನ ಶಾಸ್ತ್ರೀಯ ನಾಮವು ಇಂಥದ್ದೆಂದು ವಿದ್ವಾಂಸರು ನಿಶ್ಚಯಿಸಿದ್ದೇ 2018ರಲ್ಲಿ. ಅದೇ ವರುಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹೆಸರನ್ನು ತಿಳಿಯುವ ಮುಂಚೆಯೇ ಬದಲಿಯನ್ನು ತಂದ ಹಾಗಾಯಿತು. ಮರಳಿ ತರುವದರಲ್ಲಿ ಒಳ್ಳೇ ಮನಸ್ಸು ಸಾಲದು, ತಿಳುವಳಿಕೆಯೂ ಬೇಕು.

ಬೇಟೆಗಾರನ ತಿಳುವಳಿಕೆಯು ಎಷ್ಟು ಬೆಲೆಯುಳ್ಳದ್ದೆಂಬದಕ್ಕೆ ನಮ್ಮ ಹೊಳೆಯೇ ಸಾಕ್ಷಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹಾದುಹೋಗುವ ಉತ್ತರ ಪಿನಾಕಿನಿಯು ಕೆಳಗೆ ಕಡಪಾ ಜಿಲ್ಲೆಯನ್ನು ಸೇರುವದಷ್ಟೇ. ಅಲ್ಲಿನ ಕುರುಚಲು ಕಾಡಿನಲ್ಲಿ ರಾತ್ರಿ ಮಾತ್ರ ಸಂಚರಿಸುವ ಜರ್ಡನ್ ಕೋರ್ಸರ್ ಎಂಬ ಹಕ್ಕಿಯು 1900ರ ತರುವಾಯ ಯಾರಿಗೂ ಕಾಣದೆ, ಅಳಿದುಹೋಯಿತೆಂದು ಎಣಿಸಲ್ಪಟ್ಟಿತ್ತು. 1986ರಲ್ಲಿ ವಿದ್ವಾಂಸರು ಬಂದು ಊರೂರಿನಲ್ಲಿ ವಿಚಾರಿಸಿದರು. ಹಕ್ಕಿ ಹಿಡಿಯುವ ಒಬ್ಬ ಹಳ್ಳಿಯವನು ಅದನ್ನು ಬಲ್ಲವನಾಗಿದ್ದು, ಒಂದು ರಾತ್ರಿ ಜೀವಂತವಾಗಿ ಹಿಡಿದು ತೋರಿಸಿದನು. ಎಂಭತ್ತಾರು ವರುಷ ಪುಸ್ತಕಗಳಲ್ಲಿ ಸತ್ತುಹೋಗಿದ್ದ ಹಕ್ಕಿಯು ಬೇಟೆಗಾರನ ಜ್ಞಾನದಲ್ಲಿ ಜೀವದಿಂದಿತ್ತು.

೬. ನಾಲ್ಕನೆಯ ದೃಷ್ಟಾಂತ: ಪಾಂಗ್ತಿಯ ಗ್ರಾಮಸ್ಥರು

ಕಡೇ ದೃಷ್ಟಾಂತವು ಪ್ರಾಣಿಯನ್ನು ತಂದುಬಿಟ್ಟ ವಿಷಯವಲ್ಲ. ಬೇಟೆಗಾರರ ಊರೇ ತಿರುಗಿಕೊಂಡ ವಿಷಯ. ಆದ್ದರಿಂದ ಇದು ನಮಗೆ ಹೆಚ್ಚು ಹತ್ತಿರವಾದದ್ದು.

ನಾಗಾಲ್ಯಾಂಡಿನ ವೋಖಾ ಜಿಲ್ಲೆಯಲ್ಲಿ ಪಾಂಗ್ತಿ ಎಂಬ ಗ್ರಾಮವಿದೆ. ಅಲ್ಲಿನವರು ನಮ್ಮ ಹಾಗೆಯೇ ಕ್ರೈಸ್ತರು. ಗ್ರಾಮದ ಬಳಿಯ ದೋಯಾಂಗ್ ಜಲಾಶಯಕ್ಕೆ ಪ್ರತಿ ವರುಷವೂ ಮಳೆಗಾಲ ಮುಗಿದ ಮೇಲೆ ಅಮೂರ್ ಎಂಬ ಚಿಕ್ಕ ಗಿಡುಗಗಳು ಲಕ್ಷಗಟ್ಟಲೆ ಬಂದು ಇಳಿಯುತ್ತವೆ. ಅವು ಚೀನಾ ಮತ್ತು ಸೈಬೀರಿಯಾದ ಕಡೆಯಿಂದ ಹೊರಟು ಆಫ್ರಿಕಾದ ದಕ್ಷಿಣಕ್ಕೆ ಹೋಗುವ ಪ್ರವಾಸಿ ಹಕ್ಕಿಗಳು. ಗ್ರಾಮದವರು ಮೀನುಬಲೆಗಳನ್ನು ಎತ್ತರದಲ್ಲಿ ಕಟ್ಟಿ ಅವುಗಳನ್ನು ಹಿಡಿದು ಮಾರುತ್ತಿದ್ದರು. 2012ರಲ್ಲಿ ಇದರ ಸುದ್ದಿಯು ಲೋಕಕ್ಕೆಲ್ಲಾ ಹಬ್ಬಿತು. ಒಂದು ಋತುವಿನಲ್ಲಿ ಒಂದು ಲಕ್ಷಕ್ಕೂ ಮೀರಿ ಹಕ್ಕಿಗಳು ಕೊಲ್ಲಲ್ಪಡುತ್ತಿದ್ದವೆಂದು ಆಗ ಅಂದಾಜು ಮಾಡಿದರು.

ಗ್ರಾಮದ ಪಂಚಾಯಿತರೂ ಸಭೆಯ ಹಿರಿಯರೂ ಇಲಾಖೆಯವರೂ ಕೂಡಿ ವಿಚಾರಿಸಿದರು. ಮಕ್ಕಳಿಗೆ ಪಾಠ ಹೇಳಿದರು, ಸಭೆಗಳಲ್ಲಿ ಬೋಧಿಸಿದರು, ಬಲೆ ಕಟ್ಟುವವರಿಗೆ ದಂಡವನ್ನು ಗ್ರಾಮದವರೇ ಗೊತ್ತುಮಾಡಿದರು. ಮರುವರುಷ ಅಂದರೆ 2013ರಲ್ಲಿ ಅಲ್ಲಿ ಒಂದು ಹಕ್ಕಿಯನ್ನೂ ಬಲೆಯಲ್ಲಿ ಹಿಡಿಯಲಿಲ್ಲ. ಆ ವರುಷ ಮೂರು ಹಕ್ಕಿಗಳಿಗೆ ಸಣ್ಣ ಯಂತ್ರಗಳನ್ನು ಕಟ್ಟಿ ಹಾರಿಬಿಟ್ಟು ಅವುಗಳಿಗೆ ನಾಗಾ, ವೋಖಾ, ಪಾಂಗ್ತಿ ಎಂಬ ಹೆಸರುಗಳನ್ನಿಟ್ಟರು. ಹಿಂದಿನ ವರುಷ ಹಕ್ಕಿಯನ್ನು ಬೆಂಕಿಯಲ್ಲಿ ಸುಟ್ಟು ಮಾರಿದ ಊರಿನ ಹೆಸರು ಈಗ ಹಕ್ಕಿಯ ಮೇಲೆ ಹತ್ತಿ ಸಮುದ್ರವನ್ನು ದಾಟಿತು.

ಇಲ್ಲಿಯೂ ನಷ್ಟವಿಲ್ಲದೆ ಇರಲಿಲ್ಲ. ಬಲೆಯಿಂದ ಬರುತ್ತಿದ್ದ ಹಣವು ನಿಂತುಹೋಯಿತು. ಅದು ಬಡವರ ಹಣವಾಗಿತ್ತು. ಆದರೂ ಆಜ್ಞೆಯು ಹೊರಗಿನಿಂದ ಮಾತ್ರ ಬರದೆ ಊರಿನ ಒಳಗಿನಿಂದ ಹುಟ್ಟಿದ ಕಾರಣ ಅದು ನಿಂತಿತು.

೭. ನಮ್ಮ ಹಳ್ಳಿಗಳಿಗೆ ಇದರ ಅನ್ವಯ

ನಮ್ಮಲ್ಲಿಯೂ ಯುಗಾದಿಯ ಮಾರನೆಯ ದಿವಸದಲ್ಲಿ ಮೊಲದ ಬೇಟೆಗೆ ಹೋಗುವ ವಾಡಿಕೆ ಕೆಲವು ಹಳ್ಳಿಗಳಲ್ಲಿ ಉಂಟು. ಹಂದಿಗಾಗಿ ಉರುಳೊಡ್ಡುವವರೂ, ಹೊಲದ ಸುತ್ತಲಿನ ತಂತಿಗೆ ಕಳ್ಳವಿದ್ಯುತ್ತನ್ನು ಹರಿಸುವವರೂ ಇದ್ದಾರೆ. ಇವರೆಲ್ಲರೂ ಒಂದೇ ವಿಧದವರಲ್ಲ. ಒಬ್ಬನು ಹಸಿವಿನಿಂದ, ಒಬ್ಬನು ಪೈರನ್ನು ಉಳಿಸಿಕೊಳ್ಳುವದಕ್ಕೆ, ಒಬ್ಬನು ವಿನೋದಕ್ಕೆ, ಒಬ್ಬನು ಪಟ್ಟಣದ ಹೋಟೆಲಿಗೆ ಮಾರುವದಕ್ಕೆ ಹೋಗುವನು. ಎಲ್ಲರಿಗೂ ಒಂದೇ ಗದರಿಕೆ ಹೇಳಿದರೆ ಯಾರೂ ಕೇಳುವದಿಲ್ಲ. ಹಸಿದವನಿಗೆ ಕೂಲಿ ಬೇಕು. ರೈತನಿಗೆ ಪರಿಹಾರ ಬೇಕು. ವಿನೋದದವನಿಗೆ ಬುದ್ಧಿ ಬೇಕು. ಮಾರುವವನಿಗೆ ಶಿಕ್ಷೆ ಬೇಕು.

ಉರುಳಿಗೆ ಕಣ್ಣಿಲ್ಲವೆಂಬದನ್ನು ಚೆನ್ನಾಗಿ ಗ್ರಹಿಸತಕ್ಕದ್ದು. ಹಂದಿಗೆ ಒಡ್ಡಿದ್ದರಲ್ಲಿ ಜಿಂಕೆಯೂ ಚಿರತೆಯೂ ನೆರೆಯವನ ಮೇಕೆಯೂ ಬೀಳುವದು. ವಿದ್ಯುತ್ತಿನ ತಂತಿಗಾದರೋ ಮನುಷ್ಯನೇ ಬೀಳುವನು. ರಾತ್ರಿ ನೀರು ಕಟ್ಟಲು ಹೋದವನು ಬೆಳಿಗ್ಗೆ ಹೆಣವಾಗಿ ಸಿಕ್ಕುವ ಸುದ್ದಿಯನ್ನು ನಾವು ವರುಷವರುಷವೂ ಪತ್ರಿಕೆಗಳಲ್ಲಿ ಓದುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕೃಷ್ಣಮೃಗವನ್ನು ಕೊಂದವನಿಗೆ ಮೂರು ವರುಷಗಳಿಗೆ ಕಡಿಮೆಯಾಗದೆ ಏಳು ವರುಷಗಳ ವರೆಗೆ ಸೆರೆವಾಸವೂ ಜುಲ್ಮಾನೆಯೂ ಉಂಟು. ಸೆರೆಗೆ ಹೋಗುವವನು ಒಬ್ಬನು. ಮೂರು ವರುಷ ಹಸಿಯುವವರು ಅವನ ಹೆಂಡತಿಮಕ್ಕಳು.

ಆದರೆ ಬೇಟೆಯನ್ನು ವೇದವು ನಿಷೇಧಿಸುತ್ತದೋ ಎಂದು ಕೆಲವರು ಕೇಳುವರು. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯದಲ್ಲಿ ಜಿಂಕೆಯು ತಿನ್ನತಕ್ಕ ಮೃಗಗಳೊಳಗೆ ಎಣಿಸಲ್ಪಟ್ಟಿರುವದು ನಿಜ. ಅದೇ ಕಾಂಡದ ಇಪ್ಪತ್ತೆರಡನೆಯ ಅಧ್ಯಾಯದ ಆರು ಏಳನೆಯ ವಚನಗಳನ್ನೂ ಓದಿರಿ. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕಿದರೆ ಮರಿಗಳೊಡನೆ ತಾಯಿಯನ್ನೂ ಹಿಡಿಯಬಾರದೆಂಬ ಕಟ್ಟಳೆ ಅಲ್ಲಿದೆ. ತಿನ್ನುವದಕ್ಕೆ ಅಪ್ಪಣೆ ಇದ್ದ ಕಾಲದಲ್ಲಿಯೇ ಸಂತತಿಯನ್ನು ಕಡಿಯುವದಕ್ಕೆ ಅಪ್ಪಣೆ ಇರಲಿಲ್ಲ. ಹಕ್ಕಿಗಳು ಯಥೇಷ್ಟವಾಗಿದ್ದಾಗಲೇ ಅಂಥ ಮಿತಿ ಇದ್ದ ಮೇಲೆ, ದೇಶಕ್ಕೆಲ್ಲಾ ನೂರೈವತ್ತು ಉಳಿದಿರುವಾಗ ಹೇಗಿರಬೇಕೆಂಬದನ್ನು ನೀವೇ ಯೋಚಿಸ್ಯಾರಿ.

ಹಾಗಾದರೆ ನಮ್ಮ ಬಯಲಿಗೆ ಎರ್ಲಡ್ಡುವನ್ನು ತರಬಹುದೋ? ಮೇಲಣ ದೃಷ್ಟಾಂತಗಳಿಂದ ಕ್ರಮವೊಂದು ತೋರುತ್ತದೆ. ಮೊದಲು ಹುಲ್ಲುಬಯಲು ಉಳಿದಿರಬೇಕು. ಗೋಮಾಳವೆಲ್ಲಾ ಒತ್ತುವರಿಯಾದ ಮೇಲೆ ಹಕ್ಕಿಯು ಎಲ್ಲಿ ಇಳಿದೀತು? ಎರಡನೆಯದಾಗಿ ಅದು ಹೋದ ಕಾರಣವು ಹೋಗಿರಬೇಕು. ಉರುಳೂ ಬೀದಿನಾಯಿಯೂ ತಂತಿಯೂ ಹಾಗೆಯೇ ಇದ್ದರೆ ತಂದದ್ದೂ ಹೋಗುವದು. ಮೂರನೆಯದಾಗಿ ಊರವರ ನಷ್ಟಕ್ಕೆ ದಾರಿ ಮಾಡಿರಬೇಕು. ನಾಲ್ಕನೆಯದಾಗಿ ಬೇಟೆಗಾರನನ್ನು ಹೊರಗಿಡದೆ ಕೆಲಸಕ್ಕೆ ಕರೆಯಬೇಕು. ಇವು ನಾಲ್ಕೂ ಇಲ್ಲದೆ ತರುವದು, ಒಡ್ಡು ಒಡೆದ ಕೆರೆಗೆ ನೀರು ಹೊತ್ತು ಸುರಿದ ಹಾಗೆ.

ಈ ಕ್ರಮವನ್ನು ಪರೀಕ್ಷಿಸುವದಕ್ಕೆ ನಾವು ರಾಜಸ್ಥಾನದ ಹಕ್ಕಿಗಾಗಿ ಕಾದಿರಬೇಕಾಗಿಲ್ಲ. ಮೈದನಹಳ್ಳಿಯ ಜಿಂಕೆಯು ಇನ್ನೂ ಇದೆ. ಅದನ್ನು ತರುವ ವೆಚ್ಚವಿಲ್ಲ, ಬಿಡುವ ಸಮಾರಂಭವಿಲ್ಲ. ಅದು ಮೀಸಲಿನ ಎಲ್ಲೆಯನ್ನು ದಾಟಿ ಹೊಲಕ್ಕೆ ಬಂದ ರಾತ್ರಿಯಲ್ಲಿ ನಾವು ಏನು ಮಾಡುವೆವೋ ಅದೇ ನಮ್ಮ ಸೀಮೆಯ ಉತ್ತರವಾಗಿರುವದು. ಇದ್ದದ್ದನ್ನು ಕಾಯಲಾರದ ಊರಿಗೆ ಹೋದದ್ದನ್ನು ಯಾರು ನಂಬಿ ಒಪ್ಪಿಸುವರು?

ವಿಚಾರಿಸತಕ್ಕ ಪ್ರಶ್ನೆಗಳು

1. ನಿಮ್ಮ ಊರಿನ ಹಿರಿಯರು ತಮ್ಮ ಬಾಲ್ಯದಲ್ಲಿ ಕಂಡು ಈಗ ಕಾಣದೆ ಇರುವ ಪ್ರಾಣಿಪಕ್ಷಿಗಳು ಯಾವವು? ಅವರನ್ನು ಕೇಳಿ ಬರೆಯಿರಿ.

2. ಒಮಾನ್ ದೇಶದಲ್ಲಿ ಕಾವಲಿದ್ದರೂ ಎರಳೆಗಳು ಯಾಕೆ ಕಡಿಮೆಯಾದವು?

3. ಕರೇರಾದ ಜನರು ಮೊದಲು ಹಕ್ಕಿಯನ್ನು ಕಾಪಾಡಿ ಆಮೇಲೆ ಸಿಟ್ಟಾದದ್ದು ನ್ಯಾಯವೋ? ಅವರಿಗೆ ಏನು ಮಾಡಿದ್ದರೆ ಹಕ್ಕಿಯು ಉಳಿಯುತ್ತಿತ್ತು?

4. ಕಾವೇರಿಗೆ ಬೇರೆ ಜಾತಿಯ ಮರಿಗಳನ್ನು ಬಿಟ್ಟದ್ದರಿಂದ ಆದ ಕೇಡೇನು?

5. ನಿಮ್ಮ ಊರಿನಲ್ಲಿ ಬೇಟೆಯ ವಿದ್ಯೆಯನ್ನು ಚೆನ್ನಾಗಿ ಬಲ್ಲವನು ಯಾರು? ಅವನಿಗೆ ಕಾವಲಿನ ಕೆಲಸವನ್ನು ಒಪ್ಪಿಸಿದರೆ ಅವನ ಮನೆಯ ಖರ್ಚಿಗೆ ಎಷ್ಟು ಬೇಕಾದೀತು?

6. ಪಾಂಗ್ತಿಯವರ ಹಾಗೆ ನಮ್ಮ ಸಭೆಯವರು ಒಂದು ಕಟ್ಟಳೆಯನ್ನು ಮಾಡುವದಾದರೆ ಅದು ಯಾವದಾಗಿರಬೇಕು? ಅದನ್ನು ಮೀರಿದವನು ನಮ್ಮ ಸ್ವಂತ ಅಣ್ಣತಮ್ಮನಾದರೆ ಏನು ಮಾಡತಕ್ಕದ್ದು?